ವಿದ್ಯುತ್ ಮಂಡಲವನ್ನು ಇಡಿಯಾಗಿ ನೋಡುವುದು ಹೇಗೆ: ಪ್ರೌಢಶಾಲಾ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಹತ್ತನೇ ತರಗತಿಯ ವಿದ್ಯುಚ್ಛಕ್ತಿಯ ಪಾಠವನ್ನು ಮುಗಿಸಿದ ವಿದ್ಯಾರ್ಥಿಗಳ ಮುಂದೆ ನಾನು ಪ್ರತಿ ವರ್ಷವೂ ಇಡುವ ಒಂದು ಲೆಕ್ಕವಿದೆ. 6 ವೋಲ್ಟ್ ಬ್ಯಾಟರಿಗೆ ಮೊದಲು 2 ಓಮ್ ರೋಧಕವೊಂದನ್ನು ಜೋಡಿಸಿ, ಅದರ ಮುಂದೆ 3 ಓಮ್ ಮತ್ತು 6 ಓಮ್ ರೋಧಕಗಳನ್ನು ಒಂದಕ್ಕೊಂದು ಸಮಾಂತರವಾಗಿಟ್ಟು ಮಂಡಲವನ್ನು ಮುಚ್ಚಲಾಗಿದೆ. 3 ಓಮ್ ರೋಧಕದಲ್ಲಿ 1 ಆಂಪೇರ್, 6 ಓಮ್ ರೋಧಕದಲ್ಲಿ 0.5 ಆಂಪೇರ್ ಪ್ರವಾಹ ಹರಿಯುತ್ತದೆ ಎಂಬುದನ್ನು ಬಹುಪಾಲು ಮಕ್ಕಳು ಸೂತ್ರ ಬಳಸಿ ಸರಿಯಾಗಿಯೇ ಕಂಡುಹಿಡಿಯುತ್ತಾರೆ. ಆಮೇಲೆ, 6 ಓಮ್ ರೋಧಕವನ್ನು ಕಿತ್ತು ತೆಗೆದರೆ 3 ಓಮ್ ರೋಧಕದಲ್ಲಿ ಎಷ್ಟು ಪ್ರವಾಹ ಹರಿಯುತ್ತದೆ ಎಂದು ಕೇಳಿದಾಗ ತರಗತಿಯಲ್ಲಿ ಎರಡು ಪಂಗಡಗಳಾಗುತ್ತವೆ. ಕೆಲವರು ಆ ರೋಧಕವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅದೇ 1 ಆಂಪೇರ್ ಎನ್ನುತ್ತಾರೆ. ಉಳಿದವರು ಪಕ್ಕದ ದಾರಿ ಮುಚ್ಚಿದ್ದರಿಂದ ಇಡೀ 1.5 ಆಂಪೇರ್ ಇತ್ತಲೇ ಬರುತ್ತದೆ ಎನ್ನುತ್ತಾರೆ. ಎರಡೂ ತಪ್ಪು.

ಈ ಮಕ್ಕಳಿಗೆ ಸೂತ್ರ ಗೊತ್ತಿಲ್ಲವೆಂದಲ್ಲ. ಮಂಡಲದ ಒಂದು ತುಣುಕನ್ನು ಮಾತ್ರ ನೋಡಿ ಉತ್ತರ ಹೇಳುವ ಅಭ್ಯಾಸ ಅವರನ್ನು ಎಡವಿಸುತ್ತದೆ. ವಿದ್ಯುತ್ ಮಂಡಲದಲ್ಲಿ ಒಂದು ಕಡೆ ಏನನ್ನಾದರೂ ಬದಲಿಸಿದರೆ ಸಾಮಾನ್ಯವಾಗಿ ಎಲ್ಲ ಕಡೆಯೂ ಬದಲಾಗುತ್ತದೆ. ಈ ದೃಷ್ಟಿ ಬರುವಂತೆ ಪಾಠವನ್ನು ಕೈಯಾರೆ ಮಾಡಿ ಕಲಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮೇಲಿನ ಲೆಕ್ಕಕ್ಕೆ ಮುಂದೆ ಹಿಂದಿರುಗೋಣ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: 1.5 ವೋಲ್ಟಿನ ನಾಲ್ಕು ಸೆಲ್ಲುಗಳು, 2.5 ವೋಲ್ಟಿನ ಮೂರು ಹಳೆಯ ಮಾದರಿಯ ಟಾರ್ಚ್ ಬಲ್ಬುಗಳು, ಅವುಗಳ ಹೋಲ್ಡರುಗಳು, ತುದಿಯ ಹೊದಿಕೆ ಸುಲಿದ ಒಂದಷ್ಟು ತಂತಿ ಮತ್ತು ಸಾಧ್ಯವಾದರೆ ಒಂದು ಡಿಜಿಟಲ್ ಮಲ್ಟಿಮೀಟರ್. ಎಲ್‌ಇಡಿ ಬಲ್ಬು ಈ ಪಾಠಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದು ಓಮ್‌ನ ನಿಯಮವನ್ನು ಪಾಲಿಸುವುದಿಲ್ಲ. ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು: ಇಲ್ಲಿನ ಯಾವ ಪ್ರಯೋಗವನ್ನೂ ಮನೆಯ ಗೋಡೆಯ ಪ್ಲಗ್ಗಿನಿಂದ ಮಾಡಬಾರದು. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಸೆಲ್ಲುಗಳ 6 ವೋಲ್ಟಿನಿಂದ ಆ ಭಯವಿಲ್ಲ.

ಮೊದಲ ಹೆಜ್ಜೆ: ಒಂದು ಸೆಲ್ಲು, ಒಂದು ಬಲ್ಬು, ಒಂದೇ ತಂತಿ

ಹೋಲ್ಡರನ್ನು ಪಕ್ಕಕ್ಕಿಟ್ಟು, ಒಂದು ಸೆಲ್ಲು, ಒಂದು ಬಲ್ಬು ಮತ್ತು ಒಂದೇ ತುಂಡು ತಂತಿಯಿಂದ ಬಲ್ಬನ್ನು ಹೊತ್ತಿಸಲು ಪ್ರಯತ್ನಿಸಿ. ಮೊದಲ ಯತ್ನದಲ್ಲಿ ಅನೇಕರು ಸೆಲ್ಲಿನ ಒಂದು ತುದಿಯಿಂದ ಬಲ್ಬಿನ ಬುಡಕ್ಕೆ ತಂತಿ ಹಿಡಿದು ಕಾಯುತ್ತಾರೆ. ಬಲ್ಬು ಹೊತ್ತುವುದಿಲ್ಲ. ಬಲ್ಬಿಗೂ ಎರಡು ತುದಿಗಳಿವೆ ಎಂಬುದು ಆಗ ಅರಿವಾಗುತ್ತದೆ: ಒಂದು ಬುಡದಲ್ಲಿರುವ ಸಣ್ಣ ಬೊಟ್ಟು, ಇನ್ನೊಂದು ಸುತ್ತಲಿನ ತಿರುಪಿನ ಲೋಹ. ಒಳಗಿನ ತಂತು ಈ ಎರಡರ ನಡುವಿನ ಸೇತುವೆ. ಬೊಟ್ಟನ್ನು ಸೆಲ್ಲಿನ ಧನ ತುದಿಯ ಮೇಲಿಟ್ಟು, ತಿರುಪಿನ ಲೋಹದಿಂದ ಸೆಲ್ಲಿನ ಋಣ ತುದಿಗೆ ತಂತಿ ಮುಟ್ಟಿಸಿದರೆ ಬೆಳಕು ಬರುತ್ತದೆ.

ಪುಸ್ತಕದಲ್ಲಿ ಮುಚ್ಚಿದ ಮಂಡಲ ಎಂದು ಕರೆಯುವುದು ಇದನ್ನೇ. ಬೆರಳನ್ನು ಸೆಲ್ಲಿನ ಧನ ತುದಿಯ ಮೇಲಿಟ್ಟು, ಲೋಹವನ್ನು ಬಿಟ್ಟು ಎಲ್ಲಿಯೂ ಹಾರದೆ, ಬಲ್ಬಿನ ಒಳಗಿನಿಂದ ಸಾಗಿ, ಸೆಲ್ಲಿನ ಋಣ ತುದಿಗೆ ಹಿಂದಿರುಗಲು ಸಾಧ್ಯವಾದರೆ ಮಂಡಲ ಮುಚ್ಚಿದೆ. ಮುಂದೆ ಎಷ್ಟೇ ಜಟಿಲವಾದ ಚಿತ್ರ ಎದುರಾದರೂ ಮೊದಲು ಹೀಗೆ ಬೆರಳಾಡಿಸಿ ನೋಡುವುದನ್ನು ರೂಢಿಸಿಕೊಳ್ಳಿ.

ಎರಡನೇ ಹೆಜ್ಜೆ: ಪ್ರವಾಹ ಖರ್ಚಾಗುವುದಿಲ್ಲ

ಬಲ್ಬಿನ ಒಂದು ಮಗ್ಗುಲಿನ ತಂತಿಯನ್ನು ತುಂಡರಿಸಿ ಆ ಜಾಗದಲ್ಲಿ ಅಮ್ಮೀಟರನ್ನು, ಅಂದರೆ ಪ್ರವಾಹ ಅಳೆಯಲು ಹೊಂದಿಸಿದ ಮಲ್ಟಿಮೀಟರನ್ನು, ಸೇರಿಸಿ ಅಳೆಯಿರಿ. ಬಳಿಕ ಇನ್ನೊಂದು ಮಗ್ಗುಲಿನಲ್ಲಿಯೂ ಹಾಗೆಯೇ ಅಳೆಯಿರಿ. ಅಳೆಯುವ ಮೊದಲು ನಿಮ್ಮ ಊಹೆಯನ್ನು ಕಾಗದದ ಮೇಲೆ ಬರೆದಿಡಿ. ಬಲ್ಬು ಸ್ವಲ್ಪ ಪ್ರವಾಹವನ್ನು ನುಂಗಿರುತ್ತದೆ, ಆದ್ದರಿಂದ ಆಚೆ ಕಡೆ ಕಡಿಮೆ ಇರುತ್ತದೆ ಎಂದು ಬರೆದವರೇ ಹೆಚ್ಚು. ಆದರೆ ಎರಡೂ ಕಡೆ ಮೀಟರ್ ಒಂದೇ ಅಳತೆಯನ್ನು ತೋರಿಸುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನೀರಿನ ಕೊಳಾಯಿಗಿಂತ ಸೈಕಲ್ಲಿನ ಚೈನು ಒಳ್ಳೆಯ ಹೋಲಿಕೆ ಎಂಬುದು ನನ್ನ ಅನುಭವ. ಪೆಡಲ್ ತುಳಿದ ಕೂಡಲೇ ಹಿಂದಿನ ಚಕ್ರ ತಿರುಗುತ್ತದೆ; ಪೆಡಲಿನ ಬಳಿಯಿದ್ದ ಕೊಂಡಿ ಚಕ್ರವನ್ನು ತಲುಪುವವರೆಗೆ ಯಾರೂ ಕಾಯುವುದಿಲ್ಲ, ಏಕೆಂದರೆ ಚೈನಿನ ಎಲ್ಲ ಕೊಂಡಿಗಳೂ ಒಟ್ಟಿಗೆ ಚಲಿಸುತ್ತವೆ. ಚಕ್ರದ ಬಳಿ ಕೊಂಡಿಗಳು ಸವೆದು ಕಡಿಮೆಯಾಗುವುದೂ ಇಲ್ಲ. ಎಷ್ಟು ಕೊಂಡಿಗಳು ಮುಂದೆ ಹೋದವೋ ಅಷ್ಟೇ ಹಿಂದಿರುಗುತ್ತವೆ. ಸಾಗಿಸಲ್ಪಟ್ಟದ್ದು ನಿಮ್ಮ ಕಾಲಿನ ಶಕ್ತಿ. ತಂತಿಯಲ್ಲಿನ ಎಲೆಕ್ಟ್ರಾನುಗಳ ಕಥೆಯೂ ಇಂಥದ್ದೇ. ತಾಮ್ರದ ತಂತಿಯ ತುಂಬ ಅವು ಮೊದಲೇ ಇರುತ್ತವೆ. ಸೆಲ್ಲು ಅವುಗಳನ್ನು ಸೃಷ್ಟಿಸುವುದಿಲ್ಲ, ನೂಕುತ್ತದೆ ಅಷ್ಟೆ. ನಮ್ಮ ಟಾರ್ಚ್ ಬಲ್ಬಿನ ಮಂಡಲದಲ್ಲಿ ಅವು ಮುಂದೆ ಸರಿಯುವ ಸರಾಸರಿ ವೇಗ ಸೆಕೆಂಡಿಗೆ 1 ಮಿಲಿಮೀಟರಿಗಿಂತಲೂ ಕಡಿಮೆ. ಆದರೂ ಸ್ವಿಚ್ ಒತ್ತಿದೊಡನೆ ಬೆಳಕು ಬರುವುದು ಇಡೀ ಸಾಲು ಒಮ್ಮೆಗೇ ಚಲಿಸಲು ತೊಡಗುವುದರಿಂದ.

ಒಂದು ಸೆಕೆಂಡಿನಲ್ಲಿ ತಂತಿಯ ಒಂದು ಬಿಂದುವನ್ನು 1 ಕೂಲಮ್ ಆವೇಶ ದಾಟಿದರೆ ಪ್ರವಾಹ 1 ಆಂಪೇರ್. 1 ಕೂಲಮ್ ಎಂದರೆ ಸುಮಾರು 6.24 × 10¹⁸ ಎಲೆಕ್ಟ್ರಾನುಗಳ ಆವೇಶ. ಚಿತ್ರದಲ್ಲಿ ಪ್ರವಾಹದ ಬಾಣವನ್ನು ಧನ ತುದಿಯಿಂದ ಋಣ ತುದಿಯ ಕಡೆಗೆ ಹಾಕುತ್ತೇವೆ, ಎಲೆಕ್ಟ್ರಾನುಗಳು ಹೋಗುವುದು ಅದಕ್ಕೆ ವಿರುದ್ಧವಾಗಿ. ಧನ, ಋಣ ಎಂಬ ಹೆಸರುಗಳನ್ನು ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿಯೇ ಬಳಕೆಗೆ ತಂದಿದ್ದರು, ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ರೂಢಿ ಗಟ್ಟಿಯಾಗಿತ್ತು. ಲೆಕ್ಕ ಮಾಡುವಾಗ ರೂಢಿಯ ದಿಕ್ಕನ್ನೇ ಹಿಡಿದು ಸಾಗಿದರೆ ಉತ್ತರದಲ್ಲಿ ಯಾವ ದೋಷವೂ ಬರುವುದಿಲ್ಲ.

ಮೂರನೇ ಹೆಜ್ಜೆ: ವಿಭವಾಂತರಕ್ಕೆ ಬಣ್ಣ ಹಚ್ಚುವುದು

ಪ್ರವಾಹ ಖರ್ಚಾಗದಿದ್ದರೆ ಖರ್ಚಾಗುವುದೇನು ಎಂಬ ಪ್ರಶ್ನೆಗೆ ಉತ್ತರ ಶಕ್ತಿ, ಮತ್ತು ಅದರ ಲೆಕ್ಕವನ್ನು ಇಡುವುದು ವಿಭವಾಂತರ. ಎರಡು ಬಿಂದುಗಳ ನಡುವೆ 1 ಕೂಲಮ್ ಆವೇಶ ಸಾಗುವಾಗ 1 ಜೂಲ್ ಶಕ್ತಿ ವಿನಿಮಯವಾದರೆ ಅಲ್ಲಿನ ವಿಭವಾಂತರ 1 ವೋಲ್ಟ್. ಅದು ಯಾವಾಗಲೂ ಎರಡು ಬಿಂದುಗಳ ನಡುವಿನ ಮಾತು. "ಈ ಬಿಂದುವಿನಲ್ಲಿ ಪ್ರವಾಹ ಎಷ್ಟು" ಎಂದು ಕೇಳಬಹುದು. "ಈ ಬಿಂದುವಿನಿಂದ ಆ ಬಿಂದುವಿಗೆ ವಿಭವಾಂತರ ಎಷ್ಟು" ಎಂದೇ ಕೇಳಬೇಕು. ಅಮ್ಮೀಟರನ್ನು ತಂತಿ ತುಂಡರಿಸಿ ಸರಣಿಯಲ್ಲಿ ಸೇರಿಸುವುದಕ್ಕೂ, ವೋಲ್ಟ್‌ಮೀಟರನ್ನು ಏನನ್ನೂ ಬಿಚ್ಚದೆ ಎರಡು ಬಿಂದುಗಳಿಗೆ ಸಮಾಂತರವಾಗಿ ಮುಟ್ಟಿಸುವುದಕ್ಕೂ ಇದೇ ಕಾರಣ.

ಇಲ್ಲಿ ಒಂದು ಉಪಾಯವನ್ನು ಹೇಳಿಕೊಡುತ್ತೇನೆ. ಈ ಪಾಠದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನೇ. ಬಣ್ಣದ ಪೆನ್ಸಿಲ್‌ಗಳನ್ನು ತೆಗೆದುಕೊಂಡು ಮಂಡಲದ ಚಿತ್ರದಲ್ಲಿ ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿಗೆ ಕೆಂಪು ಹಚ್ಚಿ. ತಂತಿ ಕವಲೊಡೆದರೂ ತಿರುಗಿದರೂ ಹಚ್ಚುತ್ತಾ ಹೋಗಿ, ರೋಧಕ ಅಥವಾ ಬಲ್ಬು ಎದುರಾದ ಕಡೆಯಲ್ಲಿ ಮಾತ್ರ ನಿಲ್ಲಿಸಿ. ಅದರ ಆಚೆಯ ತಂತಿಗೆ ಬೇರೆ ಬಣ್ಣ ಹಚ್ಚಿ. ಋಣ ತುದಿಗೆ ಸೇರಿದ ತಂತಿಗೆಲ್ಲ ನೀಲಿ ಇರಲಿ. ತಂತಿಯ ರೋಧ ತೀರಾ ಕಡಿಮೆ ಇರುವುದರಿಂದ ಒಂದೇ ಬಣ್ಣದ ಎಲ್ಲ ಬಿಂದುಗಳೂ ಒಂದೇ ವಿಭವದಲ್ಲಿವೆ ಎಂದು ತಿಳಿಯಬಹುದು. ಎರಡೂ ತುದಿಗಳಲ್ಲಿ ಒಂದೇ ಜೋಡಿ ಬಣ್ಣಗಳಿರುವ ರೋಧಕಗಳು, ಕಾಗದದ ಮೇಲೆ ಒಂದರಿಂದೊಂದು ಎಷ್ಟು ದೂರವಿದ್ದರೂ, ಹೇಗೆ ವಾಲಿಸಿ ಬರೆದಿದ್ದರೂ, ಸಮಾಂತರ ಜೋಡಣೆಯಲ್ಲಿವೆ. ಎರಡೂ ತುದಿಗಳಲ್ಲಿ ಒಂದೇ ಬಣ್ಣವಿದ್ದರೆ ಆ ರೋಧಕದ ನಡುವೆ ವಿಭವಾಂತರವೇ ಇಲ್ಲ; ಅದರಲ್ಲಿ ಪ್ರವಾಹ ಹರಿಯುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳನ್ನು ಗಾಬರಿಗೊಳಿಸುವ ಅನೇಕ ಚಿತ್ರಗಳು ಬಣ್ಣ ಹಚ್ಚಿದೊಡನೆ ತೀರಾ ಸರಳವಾಗುತ್ತವೆ.

ನಾಲ್ಕನೇ ಹೆಜ್ಜೆ: ಓಮ್ ಮಾಡಿದ ಪ್ರಯೋಗವನ್ನು ನಾವೂ ಮಾಡುವುದು

ಗೇಯಾರ್ಗ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಅಂದಿನ ವೋಲ್ಟಾ ಕೋಶಗಳು ಸ್ಥಿರವಾದ ವಿಭವಾಂತರವನ್ನು ಕೊಡದೆ ಅಳತೆಗಳನ್ನು ಕೆಡಿಸುತ್ತಿದ್ದುದರಿಂದ, ಅವರು ಬಿಸ್ಮತ್ ಮತ್ತು ತಾಮ್ರದ ಬೆಸುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇರಿಸಿ ಅದರಿಂದ ಹುಟ್ಟುವ ಸ್ಥಿರ ವಿಭವಾಂತರವನ್ನು ಬಳಸಿ ಬೇರೆ ಬೇರೆ ಉದ್ದದ ತಂತಿಗಳನ್ನು ಪರೀಕ್ಷಿಸಿದರು. ಅವರ ನಿಯಮ 1827ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಶಾಲಾ ಉಪಾಧ್ಯಾಯರೊಬ್ಬರು ಇಷ್ಟು ತಾಳ್ಮೆಯಿಂದ ಅಳೆದು ಕಂಡುಕೊಂಡದ್ದನ್ನು ನಾವು ಒಂದು ಸಾಲಿನ ಸೂತ್ರವಾಗಿ ಬಾಯಿಪಾಠ ಮಾಡಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ನಿಕ್ರೋಮ್ ತಂತಿ, ಸೆಲ್ಲುಗಳು, ಅಮ್ಮೀಟರ್, ವೋಲ್ಟ್‌ಮೀಟರ್ ಮತ್ತು ಪ್ಲಗ್ ಕೀಲಿ ಇದ್ದರೆ ಸಾಕು. ಒಂದು ಸೆಲ್ಲಿನಿಂದ ಆರಂಭಿಸಿ ಎರಡು, ಮೂರು, ನಾಲ್ಕು ಎಂದು ಏರಿಸುತ್ತಾ ಪ್ರತಿ ಬಾರಿಯೂ ತಂತಿಯ ಎರಡು ತುದಿಗಳ ನಡುವಿನ ವಿಭವಾಂತರವನ್ನೂ ತಂತಿಯಲ್ಲಿನ ಪ್ರವಾಹವನ್ನೂ ಬರೆದುಕೊಳ್ಳಿ. ಅಳತೆ ಓದಿದ ಕೂಡಲೇ ಕೀಲಿ ತೆಗೆಯಿರಿ, ಇಲ್ಲವಾದರೆ ತಂತಿ ಬಿಸಿಯೇರಿ ಅದರ ರೋಧ ಬದಲಾಗುತ್ತದೆ. ಮುಳ್ಳಿನ ಮೀಟರನ್ನು ಓರೆಯಾಗಿ ನೋಡದೆ ನೇರವಾಗಿ ಮೇಲಿನಿಂದ ಓದಿ. ಅಮ್ಮೀಟರನ್ನು ಎಂದಿಗೂ ಸೆಲ್ಲಿನ ಎರಡು ತುದಿಗಳಿಗೆ ನೇರವಾಗಿ ಜೋಡಿಸಬೇಡಿ. ಅದರ ರೋಧ ಬಹಳ ಕಡಿಮೆ ಇರುವುದರಿಂದ ಅತಿಯಾದ ಪ್ರವಾಹ ಹರಿದು ಮೀಟರ್ ಕೆಡುತ್ತದೆ. ವೋಲ್ಟ್‌ಮೀಟರನ್ನು ತಪ್ಪಿ ಸರಣಿಯಲ್ಲಿ ಸೇರಿಸಿದರೆ ಏನೂ ಸುಡುವುದಿಲ್ಲ, ಆದರೆ ಅದರ ರೋಧ ಬಹಳ ಹೆಚ್ಚಾದ್ದರಿಂದ ಪ್ರವಾಹ ನಿಂತಂತೆಯೇ ಆಗುತ್ತದೆ. ವಿಭವಾಂತರವನ್ನು ಲಂಬ ಅಕ್ಷದಲ್ಲಿಯೂ ಪ್ರವಾಹವನ್ನು ಅಡ್ಡ ಅಕ್ಷದಲ್ಲಿಯೂ ಗುರುತಿಸಿ ನಕ್ಷೆ ಎಳೆದರೆ ಮೂಲಬಿಂದುವಿನಿಂದ ಹೊರಡುವ ಸರಳರೇಖೆ ಸಿಗುತ್ತದೆ. ಅದರ ಇಳಿಜಾರೇ ತಂತಿಯ ರೋಧ. ವಿಭವಾಂತರ = ಪ್ರವಾಹ × ರೋಧ ಎಂಬುದು ಈ ಗೆರೆಯ ಇನ್ನೊಂದು ಹೆಸರು.

ಇದೇ ಪ್ರಯೋಗವನ್ನು ಟಾರ್ಚ್ ಬಲ್ಬಿನ ಮೇಲೆ ಮಾಡಿದರೆ ಗೆರೆ ಬಾಗುತ್ತದೆ. ನಿಮ್ಮ ಅಳತೆ ತಪ್ಪಾಯಿತೆಂದು ಅದನ್ನು ನೇರ ಮಾಡಬೇಡಿ. ಉಷ್ಣತೆ ಸ್ಥಿರವಾಗಿದ್ದಾಗ ಎಂದು ನಿಯಮದಲ್ಲಿ ಸೇರಿಸಿರುವ ಮಾತಿನ ಅರ್ಥ ಇಲ್ಲಿಯೇ ತಿಳಿಯುವುದು. 230 ವೋಲ್ಟ್, 60 ವ್ಯಾಟಿನ ತಂತು ಬಲ್ಬು ಉರಿಯುವಾಗ ಅದರ ರೋಧ ಲೆಕ್ಕದ ಪ್ರಕಾರ ಸುಮಾರು 882 ಓಮ್; ಅದೇ ಬಲ್ಬನ್ನು ಕಳಚಿ ತಣ್ಣಗಿರುವಾಗ ಮಲ್ಟಿಮೀಟರಿನಿಂದ ಅಳೆದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸಿಗುತ್ತದೆ.

ಐದನೇ ಹೆಜ್ಜೆ: ಸರಣಿ ಮತ್ತು ಸಮಾಂತರ

ಎರಡು ಸೆಲ್ಲುಗಳಿಗೆ ಎರಡು ಬಲ್ಬುಗಳನ್ನು ಒಂದರ ಹಿಂದೊಂದರಂತೆ ಜೋಡಿಸಿ. ಎರಡೂ ಮಂಕಾಗಿ, ಆದರೆ ಸಮನಾಗಿ ಹೊತ್ತುತ್ತವೆ. ಒಂದನ್ನು ಹೋಲ್ಡರಿನಿಂದ ಸಡಿಲಿಸಿದರೆ ಎರಡೂ ಆರುತ್ತವೆ. ಈಗ ಅವುಗಳನ್ನು ಸಮಾಂತರವಾಗಿ ಜೋಡಿಸಿ: ಎರಡೂ ಪ್ರಕಾಶಮಾನವಾಗಿರುತ್ತವೆ, ಒಂದನ್ನು ತೆಗೆದರೂ ಇನ್ನೊಂದು ಉರಿಯುತ್ತದೆ. ಸರಣಿಯಲ್ಲಿ ಪ್ರವಾಹ ಒಂದೇ, ವಿಭವಾಂತರ ಹಂಚಿಕೆಯಾಗುತ್ತದೆ. ಸಮಾಂತರದಲ್ಲಿ ವಿಭವಾಂತರ ಒಂದೇ, ಪ್ರವಾಹ ಹಂಚಿಕೆಯಾಗುತ್ತದೆ.

ಗಣೇಶನ ಹಬ್ಬದ ಪೆಂಡಾಲಿಗೂ ದೀಪಾವಳಿಗೂ ನಾವು ಕಟ್ಟುವ ದೀಪಮಾಲೆಗೆ ಸೀರಿಯಲ್ ಸೆಟ್ ಎಂಬ ಹೆಸರು ಬಂದದ್ದೇ ಸರಣಿ ಜೋಡಣೆಯಿಂದ. ಒಂದೊಂದೂ 6 ವೋಲ್ಟಿನ ಪುಟ್ಟ ಬಲ್ಬುಗಳನ್ನು 38ರಷ್ಟು ಸಂಖ್ಯೆಯಲ್ಲಿ ಸರಣಿಯಲ್ಲಿಟ್ಟರೆ 230 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ. ಹಳೆಯ ಸೆಟ್‌ಗಳಲ್ಲಿ ಒಂದು ಬಲ್ಬು ಹೋದರೆ ಇಡೀ ಮಾಲೆ ಆರುತ್ತಿದ್ದುದೂ, ಯಾವುದು ಹೋಯಿತೆಂದು ತಿಳಿಯದೆ ಮನೆಮಂದಿಯೆಲ್ಲ ಒಂದೊಂದನ್ನೇ ಬದಲಿಸುತ್ತಾ ಕೂರುತ್ತಿದ್ದುದೂ ಇದರಿಂದಲೇ. ಮನೆಯ ಫ್ಯಾನು, ದೀಪ, ಮಿಕ್ಸರುಗಳೆಲ್ಲ ಸಮಾಂತರವಾಗಿರುತ್ತವೆ. ಪ್ರತಿಯೊಂದಕ್ಕೂ ಪೂರ್ಣ 230 ವೋಲ್ಟ್ ಸಿಗಬೇಕು ಮತ್ತು ಪ್ರತಿಯೊಂದನ್ನೂ ಬೇರೆಯಾಗಿ ಆರಿಸಲು ಬರಬೇಕು.

ಸಮಾಂತರವಾಗಿ ರೋಧಕ ಸೇರಿಸಿದಷ್ಟೂ ಒಟ್ಟು ರೋಧ ಕಡಿಮೆಯಾಗುತ್ತದೆ ಎಂಬುದು ಅನೇಕರಿಗೆ ಒಗಟಿನಂತೆ ಕಾಣುತ್ತದೆ. ಹೊಸ ರೋಧಕ ಎಂದರೆ ಹೊಸ ಅಡ್ಡಿಯಲ್ಲ, ಹೊಸ ದಾರಿ ಎಂದು ನೋಡಿದರೆ ಒಗಟು ಬಿಡುತ್ತದೆ. ಒಟ್ಟು ರೋಧವು ಇರುವ ರೋಧಕಗಳಲ್ಲಿ ಅತಿ ಚಿಕ್ಕದಕ್ಕಿಂತಲೂ ಕಡಿಮೆ ಇರಲೇಬೇಕು. ನಿಮ್ಮ ಉತ್ತರ ಹಾಗೆ ಬಂದಿಲ್ಲವಾದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದ್ದೀರಿ.

ಆರನೇ ಹೆಜ್ಜೆ: ಮೊದಲಿನ ಲೆಕ್ಕ

ಚಿತ್ರಕ್ಕೆ ಬಣ್ಣ ಹಚ್ಚಿ. ಧನ ತುದಿಯಿಂದ 2 ಓಮ್ ರೋಧಕದವರೆಗೆ ಕೆಂಪು, ಅದರಾಚೆ ಕವಲೊಡೆಯುವ ತಂತಿಗೆಲ್ಲ ಹಸಿರು, ಉಳಿದದ್ದಕ್ಕೆ ನೀಲಿ. 3 ಮತ್ತು 6 ಓಮ್ ರೋಧಕಗಳೆರಡೂ ಹಸಿರು ಮತ್ತು ನೀಲಿಯ ನಡುವೆ ಇವೆ, ಆದ್ದರಿಂದ ಸಮಾಂತರ. ಅವುಗಳ ಒಟ್ಟು ರೋಧ (3 × 6) ÷ (3 + 6) = 2 ಓಮ್. ಅದಕ್ಕೆ ಸರಣಿಯ 2 ಓಮ್ ಸೇರಿಸಿದರೆ 4 ಓಮ್. ಬ್ಯಾಟರಿಯಿಂದ ಹೊರಡುವ ಪ್ರವಾಹ 6 ÷ 4 = 1.5 ಆಂಪೇರ್.

ಇಲ್ಲಿಂದ ಹಿಂದಕ್ಕೆ ಬನ್ನಿ. ಕೆಂಪಿನಿಂದ ಹಸಿರಿಗೆ 1.5 × 2 = 3 ವೋಲ್ಟ್; ಹಸಿರಿನಿಂದ ನೀಲಿಗೆ ಉಳಿದ 3 ವೋಲ್ಟ್. 3 ಓಮ್ ರೋಧಕದಲ್ಲಿ 1 ಆಂಪೇರ್, 6 ಓಮ್ ರೋಧಕದಲ್ಲಿ 0.5 ಆಂಪೇರ್, ಕೂಡಿದರೆ 1.5. ಶಕ್ತಿಯ ಲೆಕ್ಕದಿಂದಲೂ ತಾಳೆ ನೋಡಿ: ಬ್ಯಾಟರಿ ಕೊಡುವುದು 6 × 1.5 = 9 ವ್ಯಾಟ್; ರೋಧಕಗಳಲ್ಲಿ ಉಷ್ಣವಾಗುವುದು ಕ್ರಮವಾಗಿ 4.5, 3 ಮತ್ತು 1.5 ವ್ಯಾಟ್. ಮೊತ್ತ 9. ಈ ತಾಳೆಗೆ ಅರ್ಧ ನಿಮಿಷ ಸಾಕು, ಅದರಿಂದ ತಪ್ಪಿ ಬಂದ ಉತ್ತರ ಕೂಡಲೇ ಸಿಕ್ಕಿಬೀಳುತ್ತದೆ.

ಈಗ 6 ಓಮ್ ರೋಧಕವನ್ನು ತೆಗೆಯೋಣ. ಒಂದು ದಾರಿ ಮುಚ್ಚಿದ್ದರಿಂದ ಒಟ್ಟು ರೋಧ 5 ಓಮ್‌ಗೆ ಏರಿತು, ಬ್ಯಾಟರಿಯ ಪ್ರವಾಹ 6 ÷ 5 = 1.2 ಆಂಪೇರ್‌ಗೆ ಇಳಿಯಿತು. ಪ್ರವಾಹ ಇಳಿದದ್ದರಿಂದ 2 ಓಮ್ ರೋಧಕ ತೆಗೆದುಕೊಳ್ಳುವ ವಿಭವಾಂತರ 2.4 ವೋಲ್ಟ್ ಆಯಿತು, ಹಾಗಾಗಿ 3 ಓಮ್ ರೋಧಕಕ್ಕೆ 3.6 ವೋಲ್ಟ್ ಉಳಿಯಿತು. ಅದರಲ್ಲಿನ ಪ್ರವಾಹ 1 ಆಂಪೇರ್‌ನಿಂದ 1.2 ಆಂಪೇರ್‌ಗೆ ಏರಿತು. ಪ್ರವಾಹ ಬದಲಾಗದೆ ಉಳಿಯುತ್ತದೆ ಎಂದವರು 2 ಓಮ್ ರೋಧಕವನ್ನು ಮರೆತಿದ್ದರು, 1.5 ಆಂಪೇರ್ ಎಂದವರು ಬ್ಯಾಟರಿ ಯಾವಾಗಲೂ ಒಂದೇ ಪ್ರವಾಹವನ್ನು ಕೊಡುತ್ತದೆ ಎಂದು ನಂಬಿದ್ದರು. ಬ್ಯಾಟರಿ ಸ್ಥಿರವಾಗಿ ಕೊಡಲು ಯತ್ನಿಸುವುದು ವಿಭವಾಂತರವನ್ನು. ಪ್ರವಾಹವನ್ನು ನಿರ್ಧರಿಸುವುದು ಅದಕ್ಕೆ ಜೋಡಿಸಿದ ಇಡೀ ಮಂಡಲ. 2 ಓಮ್ ರೋಧಕ ಇಲ್ಲದೆ ಎರಡೂ ರೋಧಕಗಳು ನೇರವಾಗಿ ಬ್ಯಾಟರಿಗೆ ಸೇರಿದ್ದರೆ ಮೊದಲ ಪಂಗಡದ ಮಾತು ನಿಜವಾಗುತ್ತಿತ್ತು ಎಂಬುದನ್ನೂ ಗಮನಿಸಿ.

ಇನ್ನೊಂದು ಬದಲಾವಣೆಯನ್ನು ನೀವೇ ಮಾಡಿ ನೋಡಿ: ಮೂರೂ ರೋಧಕಗಳಿರುವಾಗ ಹಸಿರಿನಿಂದ ನೀಲಿಗೆ ಬರಿಯ ತಂತಿಯೊಂದನ್ನು ಎಳೆದರೆ ಏನಾಗುತ್ತದೆ? ಹಸಿರು ನೀಲಿಯೇ ಆಗಿಬಿಡುತ್ತದೆ. 3 ಮತ್ತು 6 ಓಮ್ ರೋಧಕಗಳಲ್ಲಿ ಪ್ರವಾಹವೇ ಇರುವುದಿಲ್ಲ, ಬ್ಯಾಟರಿಯಿಂದ 3 ಆಂಪೇರ್ ಹೊರಡುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೆ ಇದು. ಮನೆಯಲ್ಲಿ ಇಂಥ ಸಂದರ್ಭದಲ್ಲಿ ಪ್ರವಾಹವನ್ನು ತಡೆಯಲು 2 ಓಮ್‌ನಂಥದ್ದು ಏನೂ ಇರುವುದಿಲ್ಲವಾದ್ದರಿಂದ ಫ್ಯೂಸ್ ಅಥವಾ ಎಂಸಿಬಿ ಸಜೀವ ತಂತಿಯನ್ನು ಕೂಡಲೇ ಕಡಿದುಹಾಕಬೇಕಾಗುತ್ತದೆ.

ಏಳನೇ ಹೆಜ್ಜೆ: ಸಾಮರ್ಥ್ಯ

ಸಾಮರ್ಥ್ಯ = ವಿಭವಾಂತರ × ಪ್ರವಾಹ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪೇರ್ ಎಳೆಯುತ್ತದೆ. ಅದನ್ನು 6 ಆಂಪೇರ್‌ನ ಚಿಕ್ಕ ಪ್ಲಗ್ಗಿಗೆ ಸೇರಿಸದೆ 16 ಆಂಪೇರ್‌ನ ದೊಡ್ಡ ಪ್ಲಗ್ಗಿಗೆ ಸೇರಿಸುವುದು ಇದರಿಂದಲೇ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟಿನ ಉಪಕರಣ ಒಂದು ಗಂಟೆ ಬಳಸುವ ಶಕ್ತಿ, ಅಂದರೆ 36 ಲಕ್ಷ ಜೂಲ್.

ಕಾಗದದ ಮೇಲೆ ಮಾತ್ರ ಮಾಡಬೇಕಾದ ಒಂದು ಲೆಕ್ಕ: 230 ವೋಲ್ಟಿಗೆಂದು ತಯಾರಾದ 40 ವ್ಯಾಟ್ ಮತ್ತು 100 ವ್ಯಾಟಿನ ತಂತು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ರೋಧಗಳು ಸುಮಾರು 1322 ಮತ್ತು 529 ಓಮ್. ಸರಣಿಯಲ್ಲಿ ಪ್ರವಾಹ ಒಂದೇ ಆದ್ದರಿಂದ ಹೆಚ್ಚು ರೋಧವಿರುವ 40 ವ್ಯಾಟಿನ ಬಲ್ಬಿಗೆ ಹೆಚ್ಚು ವಿಭವಾಂತರ, ಹೆಚ್ಚು ಬೆಳಕು. ಬಲ್ಬಿನ ಮೇಲೆ ಮುದ್ರಿಸಿದ ವ್ಯಾಟ್ 230 ವೋಲ್ಟಿಗೆ ಮಾತ್ರ ಅನ್ವಯಿಸುತ್ತದೆ; ಬೇರೆ ಮಂಡಲದಲ್ಲಿ ಅದು ಎಷ್ಟು ಶಕ್ತಿ ಬಳಸುತ್ತದೆ ಎಂಬುದನ್ನು ಆ ಮಂಡಲವೇ ನಿರ್ಧರಿಸುತ್ತದೆ.

ಎಂಟನೇ ಹೆಜ್ಜೆ: ಕೆಟ್ಟ ಮಂಡಲವನ್ನು ಪತ್ತೆ ಮಾಡುವುದು

ಕೊನೆಯದಾಗಿ, ಎರಡು ಸೆಲ್ಲು, ಸರಣಿಯಲ್ಲಿ ಎರಡು ಬಲ್ಬು ಮತ್ತು ಒಂದು ಸ್ವಿಚ್ ಇರುವ ಮಂಡಲವನ್ನು ಕಟ್ಟಿ, ನೀವು ನೋಡದಿರುವಾಗ ಗೆಳೆಯರೊಬ್ಬರು ಅದರಲ್ಲಿ ಒಂದು ದೋಷವನ್ನು ಮಾಡಿಡಲಿ. ಸ್ವಿಚ್ ಹಾಕಿದರೂ ಬಲ್ಬುಗಳು ಹೊತ್ತುತ್ತಿಲ್ಲ. ಎಲ್ಲವನ್ನೂ ಬಿಚ್ಚಬೇಡಿ. ಮಲ್ಟಿಮೀಟರನ್ನು ವೋಲ್ಟ್‌ಮೀಟರಾಗಿಟ್ಟು ಮೊದಲು ಸೆಲ್ಲುಗಳ ತುದಿಗಳಿಗೆ, ಆಮೇಲೆ ಒಂದೊಂದು ಬಲ್ಬಿನ, ಸ್ವಿಚ್ಚಿನ, ಒಂದೊಂದು ತುಂಡು ತಂತಿಯ ಎರಡು ತುದಿಗಳಿಗೆ ಮುಟ್ಟಿಸುತ್ತಾ ಹೋಗಿ. ಒಂದು ಜಾಗವನ್ನು ಬಿಟ್ಟು ಉಳಿದೆಲ್ಲ ಕಡೆ ಸೊನ್ನೆ ಕಾಣುತ್ತದೆ. ಆ ಒಂದು ಜಾಗದಲ್ಲಿ ಸೆಲ್ಲುಗಳ ಪೂರ್ಣ 3 ವೋಲ್ಟ್ ಕಾಣುತ್ತದೆ. ಮಂಡಲ ಕಡಿದಿರುವುದು ಅಲ್ಲಿಯೇ. ಪ್ರವಾಹವೇ ಇಲ್ಲದ ಕಡೆ ವಿಭವಾಂತರ ಎಲ್ಲಿಂದ ಬಂತು ಎಂದು ಬೆರಗಾದರೆ ಮತ್ತೆ ಬಣ್ಣ ಹಚ್ಚಿ: ಪ್ರವಾಹವಿಲ್ಲದಿರುವಾಗ ಬಲ್ಬುಗಳಲ್ಲಿ ವಿಭವ ಇಳಿಯುವುದಿಲ್ಲ, ಆದ್ದರಿಂದ ಕೆಂಪು ಒಂದು ಬದಿಯಿಂದ ಬಲ್ಬನ್ನು ದಾಟಿ ಕಡಿತದವರೆಗೂ ಬಂದಿದೆ, ನೀಲಿ ಇನ್ನೊಂದು ಬದಿಯಿಂದ ಕಡಿತದವರೆಗೂ ಬಂದಿದೆ.

ಎಲ್ಲಿಯೂ ಕಡಿತ ಸಿಗದಿದ್ದರೆ ಸೆಲ್ಲುಗಳನ್ನು ಶಂಕಿಸಿ. ಹಳೆಯ ಸೆಲ್ಲು ಹೊರಗಿಟ್ಟು ಅಳೆದಾಗ 1.5 ವೋಲ್ಟಿನ ಹತ್ತಿರವೇ ತೋರಿಸಿ, ಬಲ್ಬಿಗೆ ಜೋಡಿಸಿದೊಡನೆ ಕುಸಿಯುವುದುಂಟು, ಏಕೆಂದರೆ ಬಳಸಿದಂತೆಲ್ಲ ಅದರ ಒಳಗಿನ ರೋಧ ಏರಿರುತ್ತದೆ. ಆದ್ದರಿಂದ ಸೆಲ್ಲನ್ನು ಬಲ್ಬು ಜೋಡಿಸಿದ ಸ್ಥಿತಿಯಲ್ಲಿಯೇ ಅಳೆಯಿರಿ. ಮಲ್ಟಿಮೀಟರಿನಿಂದ ರೋಧವನ್ನು ಅಳೆಯುವಾಗ ಮಾತ್ರ ಇದಕ್ಕೆ ವಿರುದ್ಧವಾಗಿ ಸೆಲ್ಲುಗಳನ್ನು ಮಂಡಲದಿಂದ ತೆಗೆದಿರಬೇಕು, ಮತ್ತು ಅಳೆಯುವ ರೋಧಕದ ಒಂದು ತುದಿಯನ್ನಾದರೂ ಬಿಡಿಸಿರಬೇಕು. ಇಲ್ಲವಾದರೆ ಅದಕ್ಕೆ ಸಮಾಂತರವಾಗಿರುವ ದಾರಿಗಳೂ ಅಳತೆಯಲ್ಲಿ ಸೇರಿಬಿಡುತ್ತವೆ.